ಚಿಪ್‌ಗೂ ರಾಹುಕಾಲ

ಇನ್ನು ನಗಬಾರದು ಎಂದು ಹಲ್ಲು ಕಚ್ಚಿ ಕೂತ ವಾರವೇ ನಮ್ಮ ಆಫೀಸಿನಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಪಂಪ್‌ವೆಲ್ ಸರ್ಕಲ್ಲಿನ ಟಯರ್ ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರಿನ ಚಿಪ್ ರೂಪಿಸುವ ಕಂಪೆನಿ ಉಂಟು ಎಂದರೆ ಅರ್ಧ ಜನ ಅಲ್ಲೇ ನಗುತ್ತಾರೆ. ಉಳಿದವರು ಒಳಗೆ ಬಂದ ಮೇಲೆ.

ಅಮ್ಮನ ಪ್ರಶ್ನೆ

ಕುಲಶೇಖರದ ನಮ್ಮ ಮನೆಯಲ್ಲಿ ಅಮ್ಮ ಒಮ್ಮೆ ಕೇಳಿದರು, "ನಿನ್ನ ಆ ಚಿಪ್ ಎಂತ ಮಾಡ್ತದೆ?"

"ಹಳೇ ಮೆಷಿನಿಗೆ ಬರೆದ ಪ್ರೋಗ್ರಾಂ ಹೊಸ ಮೆಷಿನಿಗೆ ಅರ್ಥ ಆಗುದಿಲ್ಲ ಅಮ್ಮ. ನಮ್ಮ ಚಿಪ್ ಅದನ್ನು ತನ್ನ ಭಾಷೆಗೆ ಅನುವಾದ ಮಾಡಿಕೊಳ್ತದೆ. ಮೊದಲ ಸಲ ನಿಧಾನ. ಅದನ್ನು ನೆನಪಿಟ್ಟುಕೊಂಡು ಎರಡನೇ ಸಲ ಓಡ್ತದೆ."

ಅಮ್ಮ ಮೀನಿನವಳ ಹತ್ತಿರ ತುಳು, ಪಕ್ಕದ ಮನೆಯ ಬಾಯಮ್ಮನ ಹತ್ತಿರ ಕೊಂಕಣಿ, ಅಂಗಡಿ ಕಾಕನ ಹತ್ತಿರ ಬ್ಯಾರಿ, ಬ್ಯಾಂಕಿನಲ್ಲಿ ಕನ್ನಡ ಮಾತಾಡುವವರು.

"ಇಷ್ಟೆಯಾ? ಇದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಸಾರಿಗೆ ಒಗ್ಗರಣೆ ಹಾಕಿದರು.

ಮುಟ್ಟಿ ನೋಡಿ

ನಮ್ಮ ಬಾಸ್ ಬಂದರಿನ ಬಟ್ಟೆ ವ್ಯಾಪಾರದ ಬ್ಯಾರಿ ಮನೆತನದವರು. ನಮಗೆಲ್ಲ ಸಾಹೇಬರು. ನಮ್ಮ ಚಿಪ್ ಬಿಸಿಯಾಗುವುದು ಕಡಿಮೆ ಎಂದು ತೋರಿಸಲು ಅವರಿಗೆ ಗ್ರಾಫ್ ಬೇಡ. ಗಿರಾಕಿಯ ಕೈಗೆ ಸೀರೆಯ ಸೆರಗು ಹಿಡಿಸುವ ಹಾಗೆ, "ಮುಟ್ಟಿ ನೋಡಿ, ಮುಟ್ಟಿ ನೋಡಿ" ಎನ್ನುತ್ತಾರೆ. ಒಮ್ಮೆ ಬಂದ ಬ್ಯಾಂಕ್ ಮ್ಯಾನೇಜರರು ಮುಟ್ಟಿದರು, ತಿರುಗಿಸಿದರು, ಆ ಮಾತಿನ ಮೋಡಿಯಲ್ಲಿ "ಬೇರೆ ಬಣ್ಣ ಉಂಟಾ?" ಎಂದು ಕೇಳಿಯೇ ಬಿಟ್ಟರು.

ಸಾಹೇಬರು ಕಣ್ಣು ಮಿಟುಕಿಸದೆ, "ಮುಂದಿನ ಲಾಟಲ್ಲಿ ಬರ್ತದೆ" ಎಂದರು.

ಒಳ್ಳೆ ಗಳಿಗೆ

ನಗು ಸರಿ, ಆರ್ಡರ್ ಮಾತ್ರ ಒಂದೂ ಇರಲಿಲ್ಲ. ಉಡುಪಿ ಕಡೆಯ ಗೇರುಬೀಜ ಕಾರ್ಖಾನೆಯ ಯಜಮಾನರು ಒಪ್ಪದಿದ್ದರೆ ಆಫೀಸಿಗೆ ಬೀಗ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಯಜಮಾನರು ನೋಡಲು ಬರುವ ಶನಿವಾರ ಬೆಳಿಗ್ಗೆ ನಾನು ಅವರ ಬೀಜ ವಿಂಗಡಿಸುವ ಮೆಷಿನಿನ ಹಳೇ ಪ್ರೋಗ್ರಾಂ ಮತ್ತೆ ಮತ್ತೆ ಓಡಿಸಿ, ಚಿಪ್‌ಗೆ ಪಾಠ ಬಾಯಿಪಾಠ ಮಾಡಿಸಿ ಇಟ್ಟಿದ್ದೆ. ಕಾಫಿ ಕುಡಿದು ಬರುವಷ್ಟರಲ್ಲಿ ನಮ್ಮ ಭಟ್ರು, ಪುರೋಹಿತರ ಮನೆಯ ಇಂಜಿನಿಯರು, ಪ್ಲಗ್ ಕಿತ್ತು ಮತ್ತೆ ಹಾಕಿ ಕೈ ಮುಗಿಯುತ್ತಿದ್ದರು.

"ನೀವು ಶುರು ಮಾಡಿದ್ದು ರಾಹುಕಾಲದಲ್ಲಿ. ಈಗ ಕಳೆಯಿತು. ಒಳ್ಳೆ ಗಳಿಗೆ ನೋಡಿ ಹೊಸತಾಗಿ ಹಚ್ಚಿದೆ."

"ಎಂತ ಮಾಡಿದ್ರಿ ಮಾರಾಯ್ರೆ! ಪ್ಲಗ್ ಕಿತ್ತದ್ದಕ್ಕೆ ಅದು ಕಲಿತದ್ದೆಲ್ಲ ಹೋಯ್ತಲ್ಲ!"

ಭಟ್ರಿಗೂ ಆಗಲೇ ನೆನಪಾದದ್ದು. ಮುಗಿದ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರು. ಜೀವಮಾನದಲ್ಲಿ ಮೊದಲ ಸಲ ನಾನು, ದೇವರೇ, ದಿನಾ ಗಾಡಿಗಳು ಸಿಕ್ಕಿಬೀಳುವ ನಂತೂರು ಸರ್ಕಲ್ಲಿನಲ್ಲಿ ಯಜಮಾನರಿಗೂ ಬ್ಲಾಕ್ ಆಗಲಿ ಎಂದು ಬೇಡಿಕೊಂಡೆ. ಆ ದಿನ ಮಾತ್ರ ನಂತೂರು ಖಾಲಿ!

ಯಜಮಾನರ ಪರೀಕ್ಷೆ

ಯಜಮಾನರ ಎದುರು ಪ್ರೋಗ್ರಾಂ ತೆವಳಿತು. ಸಾಹೇಬರು ಬಿಸಿ ಗೋಳಿಬಜೆಯ ತಟ್ಟೆ ಮುಂದಿಟ್ಟರು, ಅವರು ಮುಟ್ಟಲಿಲ್ಲ. ನನಗೆ ಅಳುವುದೊಂದು ಬಾಕಿ. ನಡೆದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಎರಡನೇ ಸಲ ಚಿಪ್ ಚೆನ್ನಾಗಿಯೇ ಓಡಿತು, ಆದರೂ ಯಜಮಾನರ ಗಂಟಿಕ್ಕಿದ ಹುಬ್ಬು ಸಡಿಲಲಿಲ್ಲ.

"ಭಟ್ರು ಇವತ್ತು ಮಾಡಿದ್ದನ್ನು ನಮ್ಮಲ್ಲಿ ಕರೆಂಟು ದಿನಾ ಮಾಡ್ತದೆ. ಪ್ರತಿ ಸಲ ಇದು ಮೊದಲಿನಿಂದ ಕಲಿಯುತ್ತಾ ಕೂತರೆ ನನ್ನ ಗೇರುಬೀಜದ ಗತಿ ಎಂತ?"

ಇಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ. ಇನ್ನೊಂದು ಅವಕಾಶ ಕೇಳಿಕೊಂಡೆವು. ಕರೆಂಟು ಹೋದರೂ ಕಲಿತದ್ದು ಉಳಿಯುವ ಹಾಗೆ ಮಾಡಲು ಭಟ್ರು ಎಲ್ಲರಿಗಿಂತ ಹೆಚ್ಚು ದುಡಿದರು. ಒಂದು ಶುಕ್ರವಾರ ಯಜಮಾನರು ಮತ್ತೆ ಬಂದರು. ಪ್ರೋಗ್ರಾಂ ಓಡುವುದನ್ನು ನೋಡಿದವರೇ ಸೀದಾ ಪ್ಲಗ್‌ಗೆ ಕೈ ಹಾಕಿದರು.

"ಅಯ್ಯೋ, ಈಗ ಬೇಡ ಸಾರ್, ರಾಹುಕಾಲ!" ಭಟ್ರು ಓಡಿ ಬಂದರು.

"ನಮ್ಮಲ್ಲಿ ಕರೆಂಟು ಪಂಚಾಂಗ ನೋಡಿ ಹೋಗುದಿಲ್ಲ ಭಟ್ರೇ" ಎಂದು ಕಿತ್ತೇ ಬಿಟ್ಟರು.

ಮತ್ತೆ ಹಾಕಿದರು. ಚಿಪ್ ಒಂದು ಚೂರೂ ಮರೆಯದೆ ಓಡಿತು! ಯಜಮಾನರು ಆರ್ಡರ್ ಕೊಟ್ಟರು, ಗೋಳಿಬಜೆಯನ್ನೂ ತಿಂದರು. ಖುಷಿಗೆ ನಾನು ಭಟ್ರ ಬೆನ್ನಿಗೆ ಒಂದು ಗುದ್ದಿದೆ.

ಈಗ ಚಿಪ್ ಕೂರಿಸಿ ಕಾರ್ಖಾನೆಗೆ ಕಳಿಸುವ ಪ್ರತಿ ಬೋರ್ಡನ್ನೂ ಪ್ಲಗ್ ಕಿತ್ತು ಪರೀಕ್ಷಿಸುವುದು ಭಟ್ರ ಅಧಿಕೃತ ಕೆಲಸ. ಕೀಳುವುದು ಮಾತ್ರ ಇವತ್ತಿಗೂ ರಾಹುಕಾಲ ಕಳೆದ ಮೇಲೆಯೇ.