ಅರ್ಧ ಗಡ್ಡದ ಧರ್ಮಸಂಕಟ

ಹಂದಿಮಾಂಸ ಹುರಿಯುವ ವಾಸನೆಗೇ ಕತ್ತರಿಯಣ್ಣನಿಗೆ ಎಚ್ಚರವಾಯಿತು. ಎದ್ದವನೇ, ಇವತ್ತು ಹೇಳಿಯೇ ತೀರಬೇಕು ಅಂದುಕೊಂಡ.

ವಾಸನೆಯ ಮೇಲೆ ಅವನಿಗೇನೂ ದ್ವೇಷವಿರಲಿಲ್ಲ. ದ್ವೇಷವಿದ್ದದ್ದು ಬಾಣಲೆಯ ಮುಂದೆ ನಿಂತಿದ್ದ ಹೆಂಡತಿಯ ತಮ್ಮನ ಮೇಲೆ. ‘ಎರಡು ದಿನ ಇದ್ದು ಹೋಗ್ತೀನಿ ಭಾವ’ ಅಂತ ಬಂದವನು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ ನಾಟಿಕೊಂಡಿದ್ದ. ಮನೆಯ ಮುಂದಿನ ಕೋಣೆಯೇ ಕತ್ತರಿಯಣ್ಣನ ಕ್ಷೌರದಂಗಡಿ. ಹಿಂದೆ ಅಡುಗೆಮನೆಯಲ್ಲಿ ಬಾಣಲೆ ಚುರ್ ಅಂದರೆ ಮುಂದೆ ಕುರ್ಚಿಯಲ್ಲಿ ಕೂತ ಗಿರಾಕಿಯ ಬಾಯಲ್ಲಿ ನೀರೂರುತ್ತಿತ್ತು. ಗಂಟಲಿನ ಮೇಲೆ ಕತ್ತಿ ಆಡುವಾಗಲೇ ಆತ ಗುಟುಕ್ಕನೆ ನುಂಗುತ್ತಿದ್ದ. ನುಂಗಿದವನಿಗೇನೂ ಆಗುತ್ತಿರಲಿಲ್ಲ, ಜೀವ ಬಾಯಿಗೆ ಬರುತ್ತಿದ್ದುದು ಕತ್ತರಿಯಣ್ಣನಿಗೆ.

ಆದರೆ ‘ಊರಿಗೆ ಹೊರಡಪ್ಪ’ ಅನ್ನುವ ಎದೆಗಾರಿಕೆ ಅವನಲ್ಲಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು, ಚಾಕು ಅವಳ ಕೈಯಲ್ಲಿತ್ತು. ಹಾಗಾಗಿ ಅವನು ದೇವರನ್ನು ಮುಂದೆ ಮಾಡಿದ.

“ನೋಡಪ್ಪ, ಈ ಹಂದಿಮಾಂಸ ಇನ್ಮೇಲೆ ನಮ್ಮನೇಲಿ ಬೇಡ.”

“ಯಾಕೆ ಭಾವ? ಹೊಟ್ಟೆ ಕೆಟ್ಟಿದೆಯಾ?”

“ಹೊಟ್ಟೆ ವಿಷಯ ಅಲ್ಲಯ್ಯ, ಧರ್ಮದ ವಿಷಯ. ಹಂದಿ ತಿನ್ನಬಾರದು ಅಂತ ಬೈಬಲಿನ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ.”

“ಅದು ಆ ಕಾಲದ ಜನಕ್ಕೆ ಹೇಳಿದ್ದು ಭಾವ. ನಾವು ಕ್ರೈಸ್ತರು. ಹೋದ ಭಾನುವಾರ ಚರ್ಚಿಂದ ಬಂದು ನೀವೇ ತಟ್ಟೆ ನೆಕ್ಕಿದ್ರಲ್ಲ!”

“ನೆಕ್ಕಿದ್ದು ತಪ್ಪು. ದೇವರು ಕೊಟ್ಟ ನಿಯಮ ಏನು ಹಾಲೇನಯ್ಯಾ, ದಿನ ಕಳೆದ್ರೆ ಒಡೆದು ಹೋಗೋಕೆ? ನಿಯಮ ಅಂದ್ರೆ ನಿಯಮಾನೇ!”

ಕೊನೆಯ ಮಾತನ್ನು ಅವನು ಸ್ವಲ್ಪ ಜೋರಾಗಿ ಹೇಳಿದ. ಹಿತ್ತಿಲ ಗೋಡೆಯ ಆಚೆಯಿಂದ ಒಂದು ತಲೆ ನಿಧಾನವಾಗಿ ಮೇಲೆದ್ದಿತು. ಮೊದಲು ಬಿಳಿ ಕೂದಲು, ಆಮೇಲೆ ಕನ್ನಡಕ, ಅದರ ಹಿಂದೆಯೇ ಒಗೆದು ಹರವಿದ ಟವೆಲಿನ ಹಾಗೆ ಗೋಡೆಯ ಈಚೆಗೆ ಇಳಿಬಿದ್ದ ಉದ್ದನೆಯ ಬಿಳಿ ಗಡ್ಡ.

“ಏನಂದ್ರಿ? ಇನ್ನೊಂದ್ಸಲ ಹೇಳಿ!”

ಟಿ.ಸಿ. ಸಾಹೇಬರು! ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು. ಸ್ವಂತ ಮಾವನನ್ನೇ ಟಿಕೆಟ್ ಇಲ್ಲವೆಂದು ನಡುದಾರಿಯಲ್ಲಿ ಇಳಿಸಿದ ಖ್ಯಾತಿ ಅವರದು. ಪರೀಕ್ಷಿಸಲು ರೈಲು ಇಲ್ಲದಾದ ಮೇಲೆ ಅವರು ಧರ್ಮಶಾಸ್ತ್ರಕ್ಕೆ ಕೈಹಾಕಿದ್ದರು. ಹಳೆಯ ನಿಯಮಗಳೆಲ್ಲ ಈಗಲೂ ಜಾರಿಯಲ್ಲಿವೆ ಎಂದು ಬೀದಿಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದರು. ಇದುವರೆಗೆ ಒಬ್ಬನೂ ಹೌದು ಅಂದಿರಲಿಲ್ಲ.

“ನಿಯಮ ಅಂದ್ರೆ ನಿಯಮಾನೇ! ಎಂಥಾ ಮಾತು ಕತ್ತರಿಯಣ್ಣ! ಇರಿ, ಗ್ರಂಥ ತಗೊಂಡು ಈಗ್ಲೇ ಬಂದೆ!”

ಟಿ.ಸಿ. ಸಾಹೇಬರು ಬರುವ ಹೊತ್ತಿಗೆ ಅಂಗಡಿ ತುಂಬಿತ್ತು. ಮಾರನೆಯ ದಿನ ಚರ್ಚಿನಲ್ಲಿ ಮದುವೆ. ಕುರ್ಚಿಯಲ್ಲಿ ಮದುಮಗ, ಬೆಂಚಿನ ಮೇಲೆ ಅವನ ಅಪ್ಪ, ಸೋದರಮಾವ, ಗೆಳೆಯರ ಹಿಂಡು. ಎಲ್ಲರಿಗೂ ಕ್ಷೌರವಾಗಬೇಕಿತ್ತು. ಇಂಥ ದಿನ ವರ್ಷಕ್ಕೊಮ್ಮೆ ಬಂದರೂ ಪುಣ್ಯ. ಕತ್ತರಿಯಣ್ಣ ಸಿಳ್ಳೆ ಹಾಕುತ್ತಾ ಮದುಮಗನ ಬಲಗೆನ್ನೆಯನ್ನು ಹೊಸ ಪಿಂಗಾಣಿ ಬಟ್ಟಲಿನಂತೆ ನುಣ್ಣಗೆ ಮಾಡಿ, ಎಡಗೆನ್ನೆಗೆ ಕತ್ತಿ ತಾಗಿಸಿದ್ದ.

“ನಿಲ್ಸಿ!”

ನೊರೆಯ ನಡುವೆ ಕತ್ತಿ ನಿಂತಿತು. ಟಿ.ಸಿ. ಸಾಹೇಬರು ಬಾಗಿಲಲ್ಲಿ ನಿಂತು ದಪ್ಪ ಗ್ರಂಥವನ್ನು ಬಿಡಿಸಿದರು.

“ಕೆನ್ನೆ ಪಕ್ಕದ ಕೂದಲನ್ನ ಗುಂಡಗೆ ಕತ್ತರಿಸಬಾರದು, ಗಡ್ಡದ ಅಂಚು ಕೆಡಿಸಬಾರದು ಅಂತ ಇದೆ. ನಾನೇನು ಈ ಗಡ್ಡ ಇನ್ನೂ ಶೋಕಿಗೆ ಉಳಿಸ್ಕೊಂಡಿದ್ದೀನಿ ಅಂದ್ಕೊಂಡ್ರಾ?”

“ಅಯ್ಯೋ ಸಾಹೇಬ್ರೇ, ಅದೆಲ್ಲಾ ಹಳೇ ಕಾಲದ…” ಎಂದು ಕತ್ತರಿಯಣ್ಣ ಶುರುಮಾಡಿದ. ಅಷ್ಟರಲ್ಲಿ ಒಳಬಾಗಿಲಿಗೆ ಒರಗಿಕೊಂಡು, ಫೋರ್ಕಿಗೆ ಮಾಂಸದ ತುಂಡು ಚುಚ್ಚಿಕೊಂಡು ಭಾವಮೈದುನ ನಿಂತಿದ್ದುದು ಕನ್ನಡಿಯಲ್ಲಿ ಕಂಡಿತು.

“ಹೇಳಿ ಭಾವ. ಹಂದಿಗೆ ಇರೋ ನಿಯಮ ಗಡ್ಡಕ್ಕೆ ಇಲ್ವಾ? ಇಲ್ಲ ಅಂದ್ರೆ ಹೇಳಿಬಿಡಿ, ಒಲೆ ಮೇಲೆ ಇನ್ನೊಂದು ಬಾಣಲೆ ಇಡ್ತೀನಿ.”

ಹೌದು ಅಂದರೆ ಅಂಗಡಿ ಹೋಗುತ್ತದೆ, ಇಲ್ಲ ಅಂದರೆ ಭಾವಮೈದುನ ಹೋಗುವುದಿಲ್ಲ. ಕತ್ತರಿಯಣ್ಣ ಕತ್ತಿಯನ್ನು ಟವೆಲಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದ.

ಮದುಮಗನ ಅಪ್ಪ ಎದ್ದು ನಿಂತ. “ಬೇಡಪ್ಪಾ. ಮದುವೆ ಹಿಂದಿನ ದಿನ ದೇವರ ಜೊತೆ ಯಾಕೆ ತಕರಾರು? ಕತ್ತಿ ಕೆಳಗಿಡು.”

“ಅಪ್ಪಾ, ಅರ್ಧ ಆಗಿದೆ!” ಎಂದ ಮದುಮಗ.

“ಆಗಿರೋ ಅರ್ಧಕ್ಕೆ ಕ್ಷಮೆ ಕೇಳೋಣ. ಉಳಿದದ್ದನ್ನ ಉಳಿಸ್ಕೊ.”

ಟಿ.ಸಿ. ಸಾಹೇಬರ ಮುಖ ಹೊಳೆಯಿತು. ಅವರ ಮಾತನ್ನು ಜನ ಕೇಳುತ್ತಿದ್ದುದು ನಿವೃತ್ತಿಯ ನಂತರ ಇದೇ ಮೊದಲು. ನರೆತ ತಲೆಯವರ ಮುಂದೆ ಎದ್ದು ನಿಲ್ಲಬೇಕೆಂಬ ನಿಯಮವನ್ನು ಓದಿದರು, ಬೆಂಚಿನವರೆಲ್ಲ ಎದ್ದರು. ಸಾಹೇಬರು ಎಲೆಯಡಿಕೆ ಉಗುಳಲು ಹೊರಹೋದಾಗ ಕೂತರು, ಒಳಬಂದಾಗ ಎದ್ದರು. ಸಾಹೇಬರಿಗೆ ಅದು ಬಹಳ ಹಿಡಿಸಿ, ಸುಮ್ಮಸುಮ್ಮನೆ ಒಳಗೆ ಹೊರಗೆ ಓಡಾಡತೊಡಗಿದರು.

ಆಗ ಎದುರಂಗಡಿಯ ದರ್ಜಿ ಮದುವೆಯ ಕೋಟು ಹಿಡಿದು ಬಂದ.

“ಬಟ್ಟೆ ಯಾವುದು?” ಸಾಹೇಬರು ಕೈ ಚಾಚಿದರು, ಟಿಕೆಟ್ ಕೇಳುವ ಹಾಗೆ.

“ಅಸಲಿ ಉಣ್ಣೆ ಸಾರ್. ಒಳಗೆ ಲಿನನ್ ಲೈನಿಂಗು.”

“ಲಿನನ್ ಅಂದ್ರೆ ನಾರು. ಉಣ್ಣೆ, ನಾರು ಎರಡೂ ಕೂಡಿಸಿ ಹೊಲಿದ ಬಟ್ಟೆ ತೊಡಬಾರದು. ಬಿಚ್ಚು!”

“ಲೈನಿಂಗ್ ಬಿಚ್ಚಿದ್ರೆ ಕೋಟು ಗೋಣಿಚೀಲ ಆಗುತ್ತೆ ಸಾರ್!” ದರ್ಜಿ ಅಳುಮುಖ ಮಾಡಿ ಕತ್ತರಿಯಣ್ಣನ ಕಡೆ ತಿರುಗಿದ. “ನಾನು ನಿಂಗೇನಯ್ಯಾ ಅನ್ಯಾಯ ಮಾಡಿದ್ದೆ? ಬೆಳಿಗ್ಗೆ ಎದ್ದು ಇದನ್ನೆಲ್ಲ ಶುರುಮಾಡಿದ್ದು ನೀನಂತೆ!”

ಅವನ ಹಿಂದೆಯೇ ಮೀನು ಮಾರುವವಳು ಬುಟ್ಟಿ ಸಮೇತ ನುಗ್ಗಿದಳು. ಈಜುರೆಕ್ಕೆ, ಪೊರೆ ಎರಡೂ ಇಲ್ಲದ ನೀರಪ್ರಾಣಿ ನಿಷಿದ್ಧವೆಂಬ ಸಾಹೇಬರ ಮಾತು ಕಿವಿಗೆ ಬಿದ್ದು ಗಂಡಿನ ಮನೆಯವರು ಅವಳ ಸಿಗಡಿಯನ್ನು ವಾಪಸು ಕಳಿಸಿದ್ದರು. “ಈಗ ಈ ಸಿಗಡಿಗೆಲ್ಲ ನೀನೇ ಪೊರೆ ಅಂಟಿಸಿ ಕೊಡು!” ಎಂದು ಬುಟ್ಟಿಯನ್ನು ಕ್ಷೌರದ ಕುರ್ಚಿಯ ಮೇಲೇ ಇಟ್ಟು ಹೋದಳು. ಮದುಮಗ ಆ ಕುರ್ಚಿಯಲ್ಲಿ ಇನ್ನೂ ಕೂತಿದ್ದನೆಂಬುದನ್ನು ಅವಳು ಗಮನಿಸಲಿಲ್ಲ.

ಕೈಗೆ ಕೆಲಸವಿಲ್ಲದೆ ಬೀದಿಯಲ್ಲಿ ನಿಂತಿದ್ದ ಮದುಮಗನ ಗೆಳೆಯರಿಗೆ ಸಾಹೇಬರು ಕತ್ತರಿಯಣ್ಣನ ತಾರಸಿ ತೋರಿಸಿದರು. “ನೋಡಿ! ಮಾಳಿಗೆಗೆ ಅಡ್ಡಗೋಡೆ ಇಲ್ಲ. ಯಾರಾದ್ರೂ ಬಿದ್ರೆ ರಕ್ತಾಪರಾಧ ಮನೆ ಯಜಮಾನನ ಮೇಲೆ. ಶಾಸ್ತ್ರದಲ್ಲಿದೆ.”

“ಸಾಹೇಬ್ರೇ, ನಮ್ಮ ತಾರಸಿಗೆ ಮೆಟ್ಟಿಲೇ ಇಲ್ಲ. ಹತ್ತೋಕೇ ಆಗದವರು ಬೀಳೋದು ಹೇಗೆ?” ಎಂದ ಕತ್ತರಿಯಣ್ಣ.

ಯಾರೂ ಕೇಳಿಸಿಕೊಳ್ಳಲಿಲ್ಲ. ಹುಡುಗರು ಎಲ್ಲಿಂದಲೋ ಏಣಿ ತಂದರು. ಇಟ್ಟಿಗೆಗೆ ಏನು ಮಾಡೋದು ಅಂತ ಒಬ್ಬ ಕೇಳಿದ, ಹಿತ್ತಿಲ ಗೋಡೆ ಇದೆಯಲ್ಲ ಅಂತ ಇನ್ನೊಬ್ಬ ಹೇಳಿದ. ನೋಡನೋಡುತ್ತಿದ್ದಂತೆ ಹಿತ್ತಿಲ ಗೋಡೆ ಕೆಳಗಿಳಿಯಿತು, ಮಾಳಿಗೆಯ ಗೋಡೆ ಮೊಣಕಾಲೆತ್ತರಕ್ಕೆ ಮೇಲೇರಿತು. ಅಷ್ಟರಲ್ಲಿ ಸಾಹೇಬರು ಹಣೆ ಚಚ್ಚಿಕೊಂಡರು.

“ಅಯ್ಯಯ್ಯೋ! ಇವತ್ತು ಶನಿವಾರ! ಏಳನೇ ದಿನ ಯಾವ ಕೆಲಸಾನೂ ಮಾಡಬಾರದು! ಎಲ್ಲಾ ಕೆಳಗಿಳೀರಿ!”

ಹುಡುಗರು ಹಿಡಿದ ಇಟ್ಟಿಗೆಯನ್ನು ಹಿಡಿದಲ್ಲೇ ಬಿಟ್ಟರು. ಕೆಲವು ಅಂಗಳಕ್ಕೆ ಬಿದ್ದವು, ಒಂದು ಅಂಗಡಿಯ ಬೋರ್ಡಿನ ಮೇಲೆ. ಒಳಗಿನಿಂದ ಕತ್ತರಿಯಣ್ಣನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

“ಟಿ.ಸಿ. ಸಾಹೇಬ್ರೇ, ಶನಿವಾರ ಒಲೆ ಹಚ್ಚಬಹುದಾ?”

“ಖಂಡಿತ ಇಲ್ಲಮ್ಮ! ಬೆಂಕಿಯನ್ನೇ ಮುಟ್ಟಬಾರದು.”

“ಇದೊಂದು ಚೆನ್ನಾಗಿದೆ ನೋಡಿ,” ಎಂದವಳೇ ಒಲೆ ಆರಿಸಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಹಗಲು ಹೊತ್ತಿನಲ್ಲಿ ಕಾಲು ಚಾಚಿ ಮಲಗಿದಳು. ಕತ್ತರಿಯಣ್ಣ ಹಸಿವಿನಿಂದ ಮಿಕಿಮಿಕಿ ನೋಡುತ್ತಾ ನಿಂತ.

ಅಷ್ಟರಲ್ಲಿ ಸುದ್ದಿ ಹೆಣ್ಣಿನ ಮನೆ ಮುಟ್ಟಿತ್ತು. ಮದುಮಗಳೂ ಅವಳ ತಾಯಿಯೂ ಬಂದರು. ತಾಯಿ ಮದುಮಗನನ್ನು ಬಲಗಡೆಯಿಂದ ನೋಡಿದಳು, ಎಡಗಡೆಗೆ ಹೋಗಿ ನೋಡಿದಳು.

“ಇದೇನ್ರೀ ಬೀಗರೇ? ಒಬ್ಬ ಅಳಿಯ ಅಂತ ಮಾತಾಗಿತ್ತು. ಇಲ್ಲಿ ಈ ಕಡೆ ಒಬ್ಬ, ಆ ಕಡೆ ಒಬ್ಬ ಇದ್ದಾನಲ್ಲ! ನಡೀರಿ ಚರ್ಚಿನ ಅಯ್ಯನವರ ಹತ್ರ. ಇವತ್ತೇ ತೀರ್ಮಾನ ಆಗ್ಲಿ!”

ಮೆರವಣಿಗೆ ಚರ್ಚಿಗೆ ಹೊರಟಿತು. ಮುಂದೆ ಗ್ರಂಥ ಹಿಡಿದ ಸಾಹೇಬರು, ಹಿಂದೆ ಒಂದು ಕೆನ್ನೆಯಲ್ಲಿ ನೊರೆ ಒಣಗಿದ ಮದುಮಗ, ಎಲ್ಲರ ಕೊನೆಗೆ ತಪ್ಪಿತಸ್ಥನಂತೆ ಕತ್ತರಿಯಣ್ಣ. ಪಾದ್ರಿಗಳು ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದರು.

“ಶನಿವಾರ ಕೆಲಸ!” ಎಂದು ಸಾಹೇಬರು ಉದ್ಗರಿಸಿದರು.

ಪಾದ್ರಿಗಳು ಬಲ್ಬನ್ನು ತಿರುಗಿಸಿ ಮುಗಿಸಿಯೇ ಕೆಳಗಿಳಿದರು. ಕತೆಯೆಲ್ಲ ಕೇಳಿದರು. ಎರಡು ಸಲ ಕೆಮ್ಮಿ ನಗು ನುಂಗಿಕೊಂಡರು.

“ಈ ಜಗಳ ಹೊಸದೇನಲ್ಲ. ಬೇರೆ ಬೇರೆ ಜನಾಂಗದವರು ಕ್ರಿಸ್ತನನ್ನ ನಂಬೋಕೆ ಶುರುಮಾಡಿದಾಗಲೇ ಹಿರಿಯರೆಲ್ಲ ಸೇರಿ ಇದನ್ನ ಚರ್ಚಿಸಿದ್ರು. ನಮ್ಮ ತಾತ ಮುತ್ತಾತಂದಿರೇ ಹೊರಲಾರದ ನೊಗವನ್ನ ಇವರ ಹೆಗಲಿಗೆ ಯಾಕೆ ಹೇರಬೇಕು ಅಂದ್ರು. ನಾವಿರೋದು ಕೃಪೆಯ ಅಡಿಯಲ್ಲಿ, ಆ ಶಾಸ್ತ್ರದ ಅಡಿಯಲ್ಲಿ ಅಲ್ಲ.”

ಕೋಟು ಹಿಡಿದೇ ಬಂದಿದ್ದ ದರ್ಜಿಗೆ ಅನುಮಾನ ಬಂತು. “ಹಾಗಾದ್ರೆ ಅಯ್ಯನವರೇ, ಕದಿಯಬಾರದು ಅನ್ನೋದೂ ಹೋಯ್ತಾ?”

“ನೆರೆಯವನನ್ನ ನಿನ್ನ ಹಾಗೇ ಪ್ರೀತಿಸು ಅನ್ನೋದು ಉಳೀತಲ್ಲಪ್ಪ. ಪ್ರೀತಿಸೋನು ಕದೀತಾನಾ?”

“ಆದ್ರೆ ಶಾಸ್ತ್ರ ರದ್ದಾಗಲ್ಲ ಅಂತ ಕ್ರಿಸ್ತಸ್ವಾಮಿಯೇ ಹೇಳಿದ್ದಾರೆ!” ಸಾಹೇಬರು ಗ್ರಂಥವನ್ನು ಎದೆಗೊತ್ತಿಕೊಂಡರು.

“ರದ್ದಾಗಿಲ್ಲ ಸಾಹೇಬ್ರೇ, ನೆರವೇರಿದೆ. ಒಂದು ಮಾತು ಕೇಳ್ತೀನಿ. ಪ್ರಯಾಣ ಮುಗಿಸಿ, ಟಿಕೆಟ್ ಒಪ್ಪಿಸಿ, ಗೇಟು ದಾಟಿ ಮನೆಗೆ ಹೋಗಿ ಊಟಕ್ಕೆ ಕೂತವನ ಹತ್ರ ನೀವು ಟಿಕೆಟ್ ಕೇಳಿದ್ದುಂಟಾ?”

ಸಾಹೇಬರು ಗಡ್ಡ ನೀವಿದರು.

“ಇಲ್ಲ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. “ಗೇಟು ದಾಟಿದ ಮೇಲೆ ನಮಗೆ ಅಧಿಕಾರ ಇಲ್ಲ.” ಅವರ ಕಣ್ಣಲ್ಲಿ ನೀರಾಡಿತು. “ಇಷ್ಟು ವರ್ಷ ನಾನು ಜನರ ಊಟದ ಮನೆಗೆ ನುಗ್ಗಿ ಟಿಕೆಟ್ ಕೇಳ್ತಿದ್ದೆನಲ್ಲ ಅಯ್ಯನವರೇ!”

ಕತ್ತರಿಯಣ್ಣನಿಗೆ ಕುಣಿಯಬೇಕೆನಿಸಿತು. ಭಾವಮೈದುನ ಹಂದಿಯನ್ನು ಇಡಿಯಾಗಿ ಹುರಿದರೂ ಚಿಂತೆಯಿಲ್ಲ, ಅಂಗಡಿ ಉಳಿಯಿತು! “ಬನ್ನಿ ಬನ್ನಿ, ಎಲ್ಲಾ ಬನ್ನಿ! ಕತ್ತಿ ಮಸೆದಿಟ್ಟಿದ್ದೀನಿ!”

“ಒಂದು ನಿಮಿಷ,” ಎಂದಳು ಮದುಮಗಳು. ಅವಳು ಅಷ್ಟು ಹೊತ್ತೂ ಮದುಮಗನ ಎಡಗೆನ್ನೆಯನ್ನೇ ನೋಡುತ್ತಿದ್ದಳು. “ಗಡ್ಡ ಬಿಡಬೇಕು ಅಂತ ನಿಯಮ ಇಲ್ಲ ಅಂದ್ರೆ, ಬೋಳಿಸಲೇಬೇಕು ಅಂತಲೂ ನಿಯಮ ಇಲ್ಲ ಅಲ್ವಾ ಅಯ್ಯನವರೇ?”

“ಇಲ್ಲಮ್ಮ. ಪೂರ್ತಿ ಸ್ವಾತಂತ್ರ್ಯ.”

“ಹಾಗಾದ್ರೆ ಗಡ್ಡ ಇರ್ಲಿ. ನಂಗೆ ಗಡ್ಡಾನೇ ಇಷ್ಟ. ಮದುವೆ ಫೋಟೋ ಎಡಗಡೆಯಿಂದ ತೆಗೆಸೋಣ, ಬಲಗಡೆ ಆಮೇಲೆ ಬೆಳೆಯುತ್ತೆ.”

ಮದುಮಗ ನಾಚಿ ನೆಲ ನೋಡಿದ. ಅವನಪ್ಪ ತನ್ನ ಗಲ್ಲ ಮುಟ್ಟಿಕೊಂಡ. “ನಂಗೂ ಬೆಳಿಗ್ಗೆ ಎದ್ದು ಬೋಳಿಸ್ಕೊಳ್ಳೋದು ಅಂದ್ರೆ ಜೀವ ಹೋಗುತ್ತೆ. ನಮ್ಮಪ್ಪ ಮಾಡ್ತಿದ್ರು ಅಂತ ಮಾಡ್ತಿದ್ದೆ.” ಸೋದರಮಾವ ಹೌದೌದು ಅಂದ. ಗೆಳೆಯರು ಚಪ್ಪಾಳೆ ತಟ್ಟಿದರು. ಪಾದ್ರಿಗಳು ಕೂಡ ಬಲ್ಬಿನ ಬೆಳಕಿನಲ್ಲಿ ಗಾಜಿನ ಕಿಟಕಿಗೆ ಮುಖ ತೋರಿಸಿ, “ನನಗೂ ಒಪ್ಪುತ್ತೆ ಅನ್ಸುತ್ತೆ,” ಎಂದರು. ಎಲ್ಲರೂ ಸ್ವತಂತ್ರರಾಗಿ ತಂತಮ್ಮ ಮನೆಗೆ ಹೋದರು.

ಕತ್ತರಿಯಣ್ಣ ಖಾಲಿ ಅಂಗಡಿಗೆ ಬಂದು ಸಿಗಡಿ ಬುಟ್ಟಿಯನ್ನು ಕೆಳಗಿಟ್ಟು ಕೂತ. ಸ್ವಲ್ಪ ಹೊತ್ತಿಗೆ ಟಿ.ಸಿ. ಸಾಹೇಬರು ಬಂದರು.

“ಕತ್ತರಿಯಣ್ಣ, ನನ್ನಿಂದ ನಿಮ್ಮ ದಿನ ಹಾಳಾಯ್ತು. ನನಗೆ ಬೋಳಿಸಿ. ಪೂರ್ತಿ.”

ಗಿರಾಕಿ ಒಬ್ಬನಾದರೂ ಗಿರಾಕಿಯೇ. ಕತ್ತರಿಯಣ್ಣ ಮೊದಲು ಕತ್ತರಿ, ಆಮೇಲೆ ಕತ್ತಿ ಹಿಡಿದ. ಗಡ್ಡ ನೆಲಕ್ಕೆ ಬಿದ್ದಾಗ ಅಂಗಡಿಯಲ್ಲಿ ಕುರಿ ಮಲಗಿದ ಹಾಗೆ ಕಂಡಿತು. ಒಳಗಿನಿಂದ ಗುಲಾಬಿ ಬಣ್ಣದ, ನಡುವೆ ಗುಳಿ ಬಿದ್ದ, ಮಗುವಿನಂಥ ಗಲ್ಲ ಹೊರಬಂತು. ಸಾಹೇಬರು ಕನ್ನಡಿ ನೋಡಿ, “ನಮಸ್ಕಾರ,” ಎಂದರು. ಆಮೇಲೆ ತಾವೇ ಎಂದು ತಿಳಿದು ನಕ್ಕು, ಹಗುರಾಗಿ ಮನೆಗೆ ನಡೆದರು.

ಮರುಕ್ಷಣ ಪಕ್ಕದ ಮನೆಯಿಂದ “ಕಳ್ಳ! ಕಳ್ಳ!” ಎಂಬ ಕೂಗೆದ್ದಿತು. ಪಾತ್ರೆಯೊಂದು ಯಾವುದಕ್ಕೋ ಬಡಿದ ಸದ್ದಾಯಿತು. ಕತ್ತರಿಯಣ್ಣ ಹೊರಗೋಡಿ ನೋಡಿದರೆ, ಸಾಹೇಬರ ಹೆಂಡತಿ ಗಂಡನ ಕೈ ಹಿಡಿದು ಅಂಗಡಿಯ ಕಡೆಗೇ ಎಳೆದು ತರುತ್ತಿದ್ದಳು. ಇನ್ನೊಂದು ಕೈಯಲ್ಲಿ ಹಾಸಿಗೆ ಸುರುಳಿ.

“ಮದುವೆ ದಿನದಿಂದ ನಾನು ನೋಡಿದ್ದು ಗಡ್ಡಾನ. ಇವರ್ಯಾರೋ ನಂಗೊತ್ತಿಲ್ಲ. ಗುರುತಿನ ಚೀಟಿ ತೋರಿಸಿ ಅಂದೆ, ಅದ್ರಲ್ಲೂ ಗಡ್ಡಾನೇ ಇರೋದು!”

“ಅಮ್ಮಾ, ಇವರು ನಿಮ್ಮ ಯಜಮಾನ್ರೇ. ನನ್ನ ಕೈಯಾರೆ…”

“ಇರಬಹುದು. ದನಿ ಅವರದ್ದೇ. ಆದ್ರೂ ನೋಡೋಕೆ ಪರಪುರುಷ. ಒಂದೇ ಸೂರಿನಡಿ ಇರೋಕೆ ನನ್ನ ಮನಸ್ಸು ಒಪ್ಪಲ್ಲ. ಕೆಡಿಸಿದ್ದು ನೀನು, ಗಡ್ಡ ಬೆಳೆಯೋವರೆಗೂ ನೀನೇ ಇಟ್ಕೋ!” ಹಾಸಿಗೆಯನ್ನು ಕತ್ತರಿಯಣ್ಣನ ತೋಳಿಗೆ ಹಾಕಿ ಅವಳು ಹೊರಟುಹೋದಳು.

“ನೆರೆಯವರು ಕಣ್ರೀ, ಇಲ್ಲ ಅನ್ನೋಕಾಗುತ್ತಾ?” ಒಳಗಿನಿಂದ ಕತ್ತರಿಯಣ್ಣನ ಹೆಂಡತಿ ಕೂಗಿದಳು. ಭಾವಮೈದುನ ಆಗಲೇ ಸರಿದು ಜಾಗ ಮಾಡಿದ್ದ.

ಕತ್ತರಿಯಣ್ಣ ಹಾಸಿಗೆ ಹಿಡಿದುಕೊಂಡೇ ಆಸೆಯಿಂದ ಕೇಳಿದ: “ಸಾಹೇಬ್ರೇ, ನಿಮ್ಮ ಗಡ್ಡ ಅಷ್ಟುದ್ದ ಬೆಳೆಯೋಕೆ ಎಷ್ಟು ದಿನ ಹಿಡೀತು?”

ಸಾಹೇಬರು ಬೋಳು ಗಲ್ಲ ಸವರಿಕೊಳ್ಳುತ್ತಾ ಲೆಕ್ಕ ಹಾಕಿದರು.

“ಕೆಲಸಕ್ಕೆ ಸೇರಿದ ದಿನ ಬಿಟ್ಟಿದ್ದು ಕಣ್ರೀ. ಎದೆ ಮುಟ್ಟೋ ಹೊತ್ತಿಗೆ ನಂಗೆ ನಿವೃತ್ತಿ ಆಗಿತ್ತು.”