ಎಡೆಗಿಟ್ಟ ಸಿನಿಮಾ

ಸಿನಿಮಾ ಶುರುವಾಗಿ ಕಾಲು ಗಂಟೆಯಾದರೆ ಸಾಕು, ರಂಗಯ್ಯನಿಗೆ ನಿದ್ದೆ. ಮಧುಗಿರಿ-ಪಾವಗಡ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ಒಂದು ದಿನವೂ ತೂಕಡಿಸದ ಆಸಾಮಿ, ತೆರೆಯ ಮುಂದೆ ಕೂತರೆ ಗೊರಕೆ ಹೊಡೆಯುತ್ತಿದ್ದ. ಟೆಂಟಿನಿಂದ ಹೊರಡುವಾಗ "ಕೊನೆಗೆ ಏನಾಯ್ತೇ?" ಎಂದು ಅವನು ಕೇಳುವುದು, ಹೆಂಡತಿ ರಾಧಾಮಣಿ ಮನೆ ಮುಟ್ಟುವವರೆಗೂ ಕತೆ ಹೇಳುವುದು. ಸಂಸಾರ ಹಾಗೇ ನಡೆದಿತ್ತು.

ಒಂದು ಕತೆ ಮಾತ್ರ ಅವಳು ಹೇಳಲಿಲ್ಲ. ರಷ್ಯಾದ ದಪ್ಪ ಕಾದಂಬರಿಯೊಂದನ್ನು ಲೈಬ್ರರಿಯಿಂದ ತಂದು ಕನ್ನಡದಲ್ಲಿ ಮೂರು ಸಲ ಓದಿದ್ದಳು. ಇಟಲಿಯವರು ಅದನ್ನು ಸಿನಿಮಾ ಮಾಡಿದ್ದಾರೆಂದು ತಿಳಿದು ಟಿವಿಯಲ್ಲಿ ಹುಡುಕಿ ಹಾಕಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಪಕ್ಕದಿಂದ ಗೊರಕೆ. ಟಿವಿ ಆರಿಸಿ ಎಬ್ಬಿಸಿದಳು.

"ಇದರ ಕೊನೇನ ನಾನ್ ಹೇಳಲ್ಲ ಕಣ್ರೀ. ನೀವೇ ನೋಡ್ಬೇಕು. ನೀವು ಎದ್ದಿರೋ ದಿನ ಇಬ್ರೂ ನೋಡಾನ."

ಆ ದಿನ ಬರುವ ಮೊದಲೇ, ಆಷಾಢದಲ್ಲಿ ಹೋಗಿಬಿಟ್ಟಳು.

ಅದಕ್ಕೇ ಮಹಾಲಯ ಅಮಾವಾಸ್ಯೆಯ ದಿನ ಅವಳ ಫೋಟೋ ಮುಂದೆ ವಡೆ, ಪಾಯಸ, ಹೊಸ ಸೀರೆಯ ಜೊತೆ ಆ ಸಿನಿಮಾವನ್ನೂ ಎಡೆಗಿಡಬೇಕೆಂದು ರಂಗಯ್ಯ ಹಟ ಹಿಡಿದ. ತಾನೂ ಪಕ್ಕದಲ್ಲಿ ಕೂತು ಕೊನೆವರೆಗೂ ನೋಡಬೇಕು. ಪಕ್ಕದ ಮನೆ ಬೊಮ್ಮಕ್ಕ ಬಿಟ್ಟಾಳೆಯೇ?

"ಎಡೆ ಇಕ್ಕಿದ್ಮೇಲೆ ಬಾಗ್ಲು ಹಾಕ್ಕಂಡು ಈಚೆಗೆ ಬರ್ಬೇಕು ಕಣಪ್ಪ. ಜೀವ ಇರೋರು ಕೂತಿದ್ರೆ ಹಿರೇರು ಒಳಕ್ಕೆ ಬತ್ತಾರಾ?"

"ಇಬ್ರೂ ನೋಡಾನ ಅಂತ ಮಾತಾಗೈತೆ ಕಣಕ್ಕ."

"ಅದು ಅವ್ಳು ಬದುಕಿದ್ದಾಗ ನೋಡ್ಬೇಕಿತ್ತು. ಏಳು."

ಅವನು ಟಿವಿ ಹಾಕಿದ್ದೇ ತಡ, ಹಿರಿಯರು ಬೆಚ್ಚುತ್ತಾರೆಂದು ಬೊಮ್ಮಕ್ಕ ದನಿ ಪೂರ್ತಿ ಇಳಿಸಿ, ರಟ್ಟೆ ಹಿಡಿದು ಅವನನ್ನು ಈಚೆಗೆಳೆದಳು.

ಮಾಮೂಲಿಗೆ ಕಾಲು ಗಂಟೆ ಬಾಗಿಲು ಹಾಕಿದರೆ ಆಯಿತು. ಅರ್ಧಕ್ಕೆ ನಿಂತಿದ್ದ ಸಿನಿಮಾ ಇನ್ನೂ ಒಂದೂವರೆ ಗಂಟೆ ಬಾಕಿ. ಅದು ಮುಗಿಯದೆ ಬಾಗಿಲು ತೆಗೆಯಕೂಡದೆಂದು ರಂಗಯ್ಯ ಹೊಸಿಲಿಗೆ ಅಡ್ಡ ಕೂತ. ಊಟಕ್ಕೆ ಬಂದಿದ್ದ ಎದುರುಮನೆ ಪೆದ್ದಣ್ಣನಿಗೆ ಹಸಿವು ತಡೆಯಲಿಲ್ಲ.

"ರಾಧಕ್ಕ ರಷ್ಯಾಕ್ಕೆ ನಡ್ಕಂಡೋಗಿದ್ರೂ ಇಷ್ಟೊತ್ಗೆ ವಾಪಸ್ ಬಂದಿರೋಳು ಕಣಣ್ಣ."

ಗೋಡೆಯಾಚೆ ಅವಳೊಬ್ಬಳೇ ನೋಡುತ್ತಿದ್ದಾಳೆಂದು ರಂಗಯ್ಯ ಬಾಗಿಲಿಗೆ ಇನ್ನಷ್ಟು ಒತ್ತಿ ಕೂತ.

ಕೊನೆಗೆ ಬೊಮ್ಮಕ್ಕ, ಒಳಗಿನ ಹಿರಿಯರಿಗೆ ತಿಳಿಯಲೆಂದು ಎರಡು ಸಲ ಕೆಮ್ಮಿ ಬಾಗಿಲು ತೆರೆದಳು. ಸಿನಿಮಾ ಓಡಿರಲೇ ಇಲ್ಲ. "ಬಿಟ್ಟಲ್ಲಿಂದ ಮುಂದುವರಿಸಬೇಕೆ?" ಎಂಬ ಪ್ರಶ್ನೆ ತೆರೆಯ ಮೇಲೆ ಹಾಗೇ ನಿಂತಿತ್ತು. ಎಳೆದಾಟದಲ್ಲಿ ರಿಮೋಟಿನ ಇನ್ನೊಂದು ಗುಂಡಿ ಒತ್ತುವುದನ್ನು ರಂಗಯ್ಯ ಮರೆತಿದ್ದ. ಪೆದ್ದಣ್ಣ ಬಿದ್ದು ಬಿದ್ದು ನಕ್ಕ. ರಂಗಯ್ಯನ ಕಣ್ಣು ತುಂಬಿತು.

"ನಾನಿಲ್ದೆ ನೋಡಿಲ್ಲ ಕಣಕ್ಕ ಅವ್ಳು."

ಬೊಮ್ಮಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಂಡು ಎಲ್ಲರೂ ಹೊರಟ ಮೇಲೆ ರಂಗಯ್ಯ ಮುಖ ತೊಳೆದು, ಫೋಟೋವನ್ನು ಪಕ್ಕದ ಕುರ್ಚಿಗೆ ಒರಗಿಸಿ ಗುಂಡಿ ಒತ್ತಿದ. ತೆರೆಯ ತುಂಬ ಹಿಮ ಸುರಿಯಿತು. ಯಾರೋ ಹೆಂಗಸು ಕಾಗದ ಓದಿ ಅಳುತ್ತಿದ್ದಳು. ಬೆಳಗಿಂದ ಉಪವಾಸವಿದ್ದ ಹೊಟ್ಟೆಗೆ ಆರು ವಡೆ, ಎರಡು ಲೋಟ ಪಾಯಸ ಬಿದ್ದಿತ್ತು. ರಂಗಯ್ಯ ತೊಡೆ ಚಿವುಟಿಕೊಂಡ. ಇನ್ನೊಂದು ಸಲ ಚಿವುಟಿಕೊಂಡ.

ಎಚ್ಚರವಾದಾಗ ಹಿಮವೂ ಇರಲಿಲ್ಲ, ಆ ಹೆಂಗಸೂ ಇರಲಿಲ್ಲ. ಕಪ್ಪು ತೆರೆಯ ಮೇಲೆ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತಿದ್ದವು. ರಂಗಯ್ಯ ಕಣ್ಣುಜ್ಜಿಕೊಂಡು, ನಲವತ್ತು ವರ್ಷದ ರೂಢಿಯಂತೆ ಪಕ್ಕಕ್ಕೆ ತಿರುಗಿದ.

"ಕೊನೆಗೆ ಏನಾಯ್ತೇ?"