ಫೋನ್ ಇಡದ ಷಡ್ಡಕ

ಇದನ್ನು ಬರೆಯಬೇಕೆಂದು ಕೂತು, ಪೆನ್ನಿನ ಕ್ಯಾಪು ಹಾಕಿ ಎದ್ದದ್ದು ಎಷ್ಟು ಸಲವೋ! ಇವತ್ತು ಕ್ಯಾಪನ್ನೇ ಎಸೆದು ಕೂತಿದ್ದೇನೆ. ವಿಷಯ ನನ್ನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಜಗತ್ತಿನಲ್ಲಿ ಫೋನನ್ನು ತಾನಾಗಿ ಎಂದೂ ಕಟ್ ಮಾಡದ ಮನುಷ್ಯ ಅವನೊಬ್ಬನೇ. ತಾನು ಮೊದಲು ಇಟ್ಟರೆ, ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ ಎಂದು ಅವನ ನಂಬಿಕೆ. ರಾಂಗ್ ನಂಬರ್ ಬಂದರೂ ಯಾವ ಊರು, ಮಳೆ ಹೇಗಿದೆ ಎಂದು ವಿಚಾರಿಸಿ, ಅವರೇ ಇಡುವವರೆಗೆ ಕಾಯುತ್ತಿದ್ದ. ಅಳವಂಡಿಯ ಒಬ್ಬ ರಾಂಗ್ ನಂಬರಿನವನು ಮುಂದೆ ಮಗಳ ಲಗ್ನಪತ್ರಿಕೆಯನ್ನು ನಮ್ಮಲ್ಲೇ ಮಾಡಿಸಿದ!

ಹೌದು, ಭಾಗ್ಯನಗರದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿತ್ತು. ಕಂಪ್ಯೂಟರ್ ಮುಂದೆ ಕೂಡುವವನು ಷಡ್ಡಕ. ಡಿಸೈನ್ ಮಾಡುವ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ. ಒಂದು ಮದುವೆ ಸೀಸನ್ನಿನಲ್ಲಿ ಎರಡನೇ ಕಂಪ್ಯೂಟರ್ ತಂದು, ಸಣ್ಣ ಪ್ಲಾನಿನಿಂದ ದೊಡ್ಡ ಪ್ಲಾನಿಗೆ ಹೋದೆವು. ತಿಂಗಳು ತುಂಬಿದಾಗ ಎರಡೂ ಪ್ಲಾನಿನ ದುಡ್ಡು ಹೋಯಿತು. ಮರುತಿಂಗಳೂ ಹೋಯಿತು. ಹೊಸ ಮನೆ ಸೇರಿದ ಮೇಲೂ ಹಳೆ ಮನೆಗೆ ಬಾಡಿಗೆಯೇ?

ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆದುರಿಗೇ ಅಂದೆ: "ಒತ್ತಬಾರದ್ದನ್ನ ಒತ್ತಿ ಕುಂತೀಯಲ್ಲೋ ತಮ್ಮಾ. ನಿನ್ನ ಕೈಯಾಗ ಕಂಪ್ಯೂಟರ್ ಕೊಟ್ಟಿದ್ದ ನನ್ನ ತಪ್ಪು."

ಅವನು ಕಂಪನಿಗೆ ಫೋನ್ ಹಚ್ಚಿದ. ಕಾಯಬೇಕೆಂದಿತು ಯಂತ್ರ, ಸಂಗೀತ ಬಂತು. ನೆಟ್ಟಗೆ ಕೂತು, ಸಂಗೀತಕ್ಕೂ ನಡುನಡುವೆ "ಹ್ಞೂಂ" ಅನ್ನುತ್ತಿದ್ದ. ಮುಕ್ಕಾಲು ತಾಸಿನ ಮೇಲೆ ಕನ್ನಡದ ಹುಡುಗಿಯೊಬ್ಬಳು ಸಿಕ್ಕಳು. ಊಟ ಕೇಳಿದ, ಊರು ಕೇಳಿದ, ಆಮೇಲೆ ಬಿಲ್ಲು ಕೇಳಿದ. ಅವಳು ಏನು ಹೇಳಿದಳೋ, ಇವನು ನನ್ನ ಕಡೆ ಒಮ್ಮೆ ನೋಡಿ, ಗೋಡೆಯ ಕ್ಯಾಲೆಂಡರಿನತ್ತ ತಿರುಗಿಬಿಟ್ಟ.

ಕೆಲಸ ಮುಗಿದ ಮೇಲೆ ಶುರುವಾಯಿತು ನೋಡಿ ತಮಾಷೆ.

"ನೀವ ಇಡ್ರಿ ತಂಗಿ... ಏನಂದ್ರಿ? ನಾ ಇಡೂತನ ನೀವೂ ಇಡಂಗಿಲ್ಲೇನು? ನಿಮ್ಮ ಸಾಹೇಬ್ರ ರೂಲೇನು? ಭಾಳ ಛಲೋ ಮಂದಿ ಬಿಡ್ರಿ. ಹಂಗಂದ್ರ ಇಬ್ರೂ ಕುಂದ್ರೂಣು."

ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅವನ ಫೋನಿನ ಚಾರ್ಜೇ ಮುಗಿದು, ಇಬ್ಬರ ಮರ್ಯಾದೆಯೂ ಉಳಿಯಿತು!

ಏನಂದಳೆಂದು ಕೇಳಿದೆ.

"ತಪ್ಪು ನಂದ ಐತ್ರಿ ಅಣ್ಣಾರ. ಹಳೇದು ಬಂದ್ ಮಾಡ್ತಾರಂತ."

ಗೆದ್ದವನಂತೆ ನಾನು ಗಿರಾಕಿಗಳ ಕಡೆ ನೋಡಿದೆ. ಆ ತಿಂಗಳು ಮುಗಿಸಿ ಅವನು ಕುಷ್ಟಗಿಗೆ ಹೋಗಿ ಝೆರಾಕ್ಸ್ ಅಂಗಡಿಯೊಂದನ್ನು ಸೇರಿದ.

ಅವನು ಹೋದ ಮೇಲೆ ಕಂಪನಿಯ ಮೇಲ್ ಬಂತು. ಹಳೆ ಪ್ಲಾನನ್ನು ಯಾರೂ ಬದಲಿಸಿಯೇ ಇರಲಿಲ್ಲವಂತೆ. ಬೇರೊಂದು ಮೊಬೈಲ್ ನಂಬರಿನಿಂದ ಹೊಸ ಗಿರಾಕಿಯೊಬ್ಬ ದೊಡ್ಡ ಪ್ಲಾನ್ ಕೊಂಡಿದ್ದ. ಆ ನಂಬರ್ ನನ್ನದು. ಷಡ್ಡಕ ಊಟಕ್ಕೆ ಹೋಗಿದ್ದಾಗ, ಹಳೆ ಪಾಸ್‌ವರ್ಡ್ ನೆನಪಾಗದೆ, ನಾನೇ ನನ್ನ ನಂಬರ್ ಕೊಟ್ಟು ಒತ್ತಿದ್ದೆ. ಹುಡುಗಿ ಅವನಿಗೆ ಹೇಳಿದ್ದು ಅದನ್ನೇ. ಅಷ್ಟು ಜನರೆದುರು ಅದನ್ನು ಅವನು ನುಂಗಿಕೊಂಡಿದ್ದ.

ಆಮೇಲೆ ಒಂದು ಸಲ ಅವನೇ ಫೋನ್ ಮಾಡಿದ. ಮಳೆ, ಮಕ್ಕಳು, ನನ್ನ ಮೊಣಕಾಲು, ಎಲ್ಲ ಆಯಿತು. ಮಾತು ಮುಗಿದರೂ ಎಂದಿನಂತೆ ಕಾಯುತ್ತಿದ್ದ, ಉಸಿರು ಕೇಳುತ್ತಿತ್ತು. ತಪ್ಪಾಯಿತು ಎನ್ನಲು ಅಷ್ಟು ಹೊತ್ತು ಇನ್ನಾರು ಕೊಟ್ಟಾರು? ನಾನು ಕಟ್ ಮಾಡಿಬಿಟ್ಟೆ.

ಆ ಕಡೆ ಫೋನನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಇದ್ದಿರಬೇಕು, ನಮ್ಮ ಶರಣಪ್ಪ.